ಹೇಳಿಕೊಟ್ಟ ನಾಲ್ಕು ಪದಗಳು

ಹೋದ ತಿಂಗಳು ಒಂದು ಶುಕ್ರವಾರ ನಮ್ಮ ಶಾಲೆಯ ಆರನೆಯ ತರಗತಿಯ ಹುಡುಗಿಯರನ್ನು ಪಂದ್ಯಕ್ಕೆ ಕರೆದುಕೊಂಡು ಹೋಗುವ ಸರದಿ ನನ್ನದಾಗಿತ್ತು. ಸಿಡ್ನಿಯ ಚಳಿಯನ್ನು ಮೆಲ್ಬರ್ನಿನಲ್ಲಿ ಬದುಕಿದವರು ಚಳಿ ಎಂದು ಒಪ್ಪುವುದಿಲ್ಲ. ಆದರೂ ಅಂದು ನಸುಕಿಗೆ ಮಳೆ ಬಿದ್ದು ಮೈದಾನದ ಹುಲ್ಲು ಒದ್ದೆಯಾಗಿತ್ತು. ಎದುರು ಶಾಲೆಯ ಟೀಚರೊಬ್ಬರು ಹುಡುಗಿಯೊಬ್ಬಳ ಕಾಲಿಗೆ ನೋವಿನ ಮುಲಾಮು ತಿಕ್ಕುತ್ತಿದ್ದರು. ಒದ್ದೆ ಹುಲ್ಲು ಮತ್ತು ಮುಲಾಮಿನ ಘಾಟು ಎರಡೂ ಒಟ್ಟಿಗೆ ಮೂಗಿಗೆ ಬಡಿದದ್ದೇ ತಡ, ನಾನು ಅಲ್ಲೇ ಇದ್ದ ಬೆಂಚಿನ ಮೇಲೆ ಕೂತುಬಿಟ್ಟೆ. ಪಕ್ಕದಲ್ಲಿದ್ದ ಹೊಸ ಟೀಚರ್ ಏನಾಯಿತೆಂದು ಕೇಳಿದಳು. ಬೆಳಿಗ್ಗೆ ತಿಂಡಿ ತಿಂದಿಲ್ಲ, ಅಷ್ಟೇ ಎಂದೆ. ಅದು ಸುಳ್ಳು. ದಿನಕ್ಕಿಂತ ಎರಡು ಇಡ್ಲಿ ಹೆಚ್ಚೇ ತಿಂದಿದ್ದೆ.

ಏಳು ವರ್ಷದ ಹಿಂದಿನ ಒಂದು ಚಳಿಗಾಲದ ಬಗ್ಗೆ ನಾನು ಯಾರಿಗೂ ಪೂರ್ತಿ ಹೇಳಿರಲಿಲ್ಲ. ಗಂಡನಿಗೆ ಗೊತ್ತಿದ್ದದ್ದೂ ಅರ್ಧವೇ. ಆ ವಾಸನೆ ಬಂದ ದಿನ ಸಿಡ್ನಿಯ ಎಪ್ಪಿಂಗಿನ ನಮ್ಮ ಫ್ಲಾಟಿಗೆ ಮರಳಿದ ಮೇಲೂ ಅದು ಮೂಗಿನಿಂದ ಹೋಗಲಿಲ್ಲ. ಅಡಿಗೆಮನೆಯಲ್ಲಿ ನಿಂತು ಒಗ್ಗರಣೆ ಹಾಕಿದರೂ ಹೋಗಲಿಲ್ಲ.

ಆಗ ನಾವು ಮೆಲ್ಬರ್ನಿನ ವೆರಿಬೀಯಲ್ಲಿದ್ದೆವು, ಗಂಡನ ಕೆಲಸದ ಮೇಲೆ ಪಿಆರ್, ಅಂದರೆ ಇಲ್ಲೇ ನೆಲೆಸುವ ಅನುಮತಿ, ಸಿಕ್ಕಿ ಬಂದವರು. ತಿಪಟೂರಿನ ಹೈಸ್ಕೂಲೊಂದರಲ್ಲಿ ಹನ್ನೊಂದು ವರ್ಷ ಗಣಿತ ಕಲಿಸಿದ್ದ ನನಗೆ, ಇಲ್ಲಿ ಇನ್ನೆರಡು ವರ್ಷ ಓದದೆ ತರಗತಿಯೊಳಗೆ ಕಾಲಿಡುವಂತಿಲ್ಲ ಎಂದರು. ಮೂವತ್ತೆಂಟನೆಯ ವಯಸ್ಸಿನಲ್ಲಿ ಮಗಳ ಹಳೇ ಬ್ಯಾಗನ್ನು ಹೆಗಲಿಗೇರಿಸಿಕೊಂಡು ಒಂದು ಸಣ್ಣ ಟೀಚರ್ಸ್ ಕಾಲೇಜಿಗೆ ಸೇರಿದೆ. ಕೆಂಪು ಇಟ್ಟಿಗೆಯ ಹಳೆಯ ಕಟ್ಟಡ. ಅದರ ಕಾರಿಡಾರಿನಲ್ಲಿ ಎರಡು ಮಹಾಯುದ್ಧಗಳ ನಡುವಿನ ಯಾವುದೋ ವರ್ಷದ ಒಂದು ಫೋಟೋ ಇತ್ತು. ಕಾಲೇಜಿನ ಫುಟ್‌ಬಾಲ್ ಟೀಮು. ಕೈಕಟ್ಟಿ ನಿಂತ ಹುಡುಗರು, ಎಲ್ಲರೂ ಮೇಷ್ಟರಾಗಲು ಬಂದವರು. ಆ ವರ್ಷ ಗೆದ್ದದ್ದು ಎರಡೇ ಪಂದ್ಯ ಎಂದು ಯಾರೋ ಕೆಳಗೆ ಚಂದದ ಅಕ್ಷರದಲ್ಲಿ ಬರೆದಿಟ್ಟಿದ್ದರು. ಸೋತದ್ದನ್ನು ಹೀಗೆ ಗಾಜಿನೊಳಗೆ ಹಾಕಿ ತೂಗುಹಾಕಿದವರನ್ನು ಕಂಡರೆ ನನಗೆ ಗೌರವ ಬರುತ್ತಿತ್ತು.

ಆ ಫೋಟೋ ನೋಡಿಯೇ ನಮ್ಮ ಕ್ಲಾಸಿನ ಮೇಗನ್ ತಲೆಗೆ ಹುಳ ಬಿಟ್ಟುಕೊಂಡದ್ದು. ಕುರಿ ಸಾಕುವ ಮನೆಯಿಂದ ಬಂದ, ದನಿ ದೊಡ್ಡದಾಗಿದ್ದ ಹುಡುಗಿ. ಈಗ ಕಾಲೇಜಿನಲ್ಲಿರುವವರೆಲ್ಲ ಹೆಂಗಸರೇ, ನಾವೇ ಒಂದು ಟೀಮು ಕಟ್ಟೋಣ ಎಂದಳು. ಇಲ್ಲಿ ಫುಟ್‌ಬಾಲ್ ಎಂದರೆ ನಮ್ಮ ಫುಟ್‌ಬಾಲ್ ಅಲ್ಲ. ಚೆಂಡು ಮೊಟ್ಟೆಯ ಆಕಾರದ್ದು. ಅದನ್ನು ಒದೆಯಬಹುದು, ಗುದ್ದಬಹುದು, ಎದುರಿನವಳ ಬೆನ್ನ ಮೇಲೆ ಹತ್ತಿ ಗಾಳಿಯಲ್ಲೇ ಹಿಡಿಯಬಹುದು. ಹೀಗೆ ಹತ್ತುವುದು ತಪ್ಪಲ್ಲ, ಚಪ್ಪಾಳೆ ಬೀಳುತ್ತದೆ. ನನ್ನನ್ನು ಆಡಲು ಯಾರೂ ಕರೆಯಲಿಲ್ಲ, ಕರೆದಿದ್ದರೆ ನನ್ನ ಮೊಣಕಾಲು ಅಲ್ಲೇ ರಾಜೀನಾಮೆ ಕೊಡುತ್ತಿತ್ತು. ಫಸ್ಟ್ ಏಡ್ ಸರ್ಟಿಫಿಕೇಟ್ ಇದ್ದದ್ದರಿಂದ ನೀರಿನ ಬಾಟಲಿ, ಟೇಪು, ಮುಲಾಮು ನನ್ನ ಪಾಲಿಗೆ ಬಂದವು. ಟೀಮಿನಲ್ಲಿ ಪೆಟ್ಟು ಬಿದ್ದವರನ್ನು ನೋಡಿ, ಆಡಬಹುದೋ ಬಾರದೋ ಎಂದು ಹೇಳಿ ಸಹಿ ಹಾಕುವವಳು ನಾನಾದೆ.

ಪ್ರಿಸಿಲ್ಲಾ ನನಗೆ ಹತ್ತಿರವಾದದ್ದು ಹಾಗೆ. ಮಂಗಳೂರಿನ ಹುಡುಗಿ, ಇಪ್ಪತ್ತನಾಲ್ಕು ವರ್ಷ, ಉದ್ದ ಕಾಲು. ಮನೆಯಲ್ಲಿ ಕೊಂಕಣಿ, ನನ್ನ ಹತ್ತಿರ ಮಂಗಳೂರು ಕನ್ನಡ, ಮೈದಾನದಲ್ಲಿ ಮೇಗನ್‌ಗಿಂತ ಜೋರಾದ ಇಂಗ್ಲಿಷು. ಸ್ಟೂಡೆಂಟ್ ವೀಸಾದ ಮೇಲೆ ಬಂದಿದ್ದಳು. ವೆರಿಬೀಯಲ್ಲೇ ಒಂದು ಮನೆಯ ಹಿಂದಿನ ರೂಮಿನಲ್ಲಿದ್ದಳು. ವಾರಕ್ಕೆರಡು ದಿನ ನಮ್ಮಲ್ಲಿ ಊಟ ಮಾಡುತ್ತಿದ್ದಳು, ನನ್ನ ಸಾರಿಗೆ ಖಾರ ಸಾಲದು ಎಂದು ಮುಖದ ಮೇಲೇ ಹೇಳುತ್ತಿದ್ದಳು. ಅವಳ ತಾಯಿಯೂ ಅಜ್ಜಿಯೂ ಟೀಚರುಗಳಾಗಿದ್ದವರು. ತಾನೂ ಟೀಚರಾಗಬೇಕು ಎನ್ನುವುದನ್ನು ಅವಳು ಯಾವತ್ತೂ ಆಸೆ ಎಂದು ಹೇಳಿದವಳಲ್ಲ, ನಾಳೆ ಮಂಗಳವಾರ ಎನ್ನುವಷ್ಟು ಸಹಜವಾಗಿ ಹೇಳುತ್ತಿದ್ದಳು.

ಅವಳಿಗೆ ಹೆಸರುಗಳು ಒಲಿದಿದ್ದವು. ಮಾರ್ಚಿನಲ್ಲಿ ನಮ್ಮಿಬ್ಬರನ್ನೂ ಒಂದೇ ಪ್ರೈಮರಿ ಶಾಲೆಗೆ ಮೂರು ದಿನ ನೋಡಿಬರಲು ಕಳಿಸಿದ್ದರು. ಮೊದಲನೆಯ ದಿನ ಊಟದ ಹೊತ್ತಿಗೆ ಅವಳ ಕ್ಲಾಸಿನ ಇಪ್ಪತ್ತೈದೂ ಮಕ್ಕಳ ಹೆಸರು ಅವಳ ಬಾಯಲ್ಲಿತ್ತು. ವಿಯೆಟ್ನಾಮಿ ಹೆಸರು, ಸುಡಾನಿನ ಹೆಸರು, ಪಂಜಾಬಿ ಹೆಸರು, ಎಲ್ಲವನ್ನೂ ಅವರವರ ಮನೆಯವರು ಕರೆಯುವ ಹಾಗೆಯೇ ಕರೆಯುತ್ತಿದ್ದಳು. ಹಲವು ವರ್ಷ ಕಲಿಸಿದ ನಾನು ಎರಡನೆಯ ಬೆಂಚಿನ ಹುಡುಗನನ್ನು "ನೀನಪ್ಪ" ಎಂದೇ ಕೂಗುತ್ತಿದ್ದವಳು. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು ಎನ್ನುವುದನ್ನು ಮುಚ್ಚಿಡುವುದಿಲ್ಲ.

ಏಪ್ರಿಲ್‌ನಲ್ಲಿ ಪಂದ್ಯಗಳು ಶುರುವಾದವು, ಜೊತೆಗೆ ಮಳೆಯೂ. ಮೆಲ್ಬರ್ನಿನ ಮಳೆ ಸುರಿಯುವುದಿಲ್ಲ, ಕಡ್ಡಿಯಾಡಿಸುತ್ತದೆ. ಗಾಳಿ ಪಕ್ಕೆಯಿಂದ ತಿವಿಯುತ್ತದೆ. ಮೊದಲ ಆರು ಪಂದ್ಯಗಳಲ್ಲಿ ಐದನ್ನು ಸೋತೆವು. ನಮ್ಮವರು ಆಟದ ನಡುವಿನ ವಿರಾಮದಲ್ಲಿ ಮಾತಾಡಲು ಕೈ ಎತ್ತುತ್ತಿದ್ದರು, ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುತ್ತಿರಲಿಲ್ಲ. ಚೆಂಡು ಕೈಬಿಟ್ಟವಳಿಗೆ "ಪ್ರಯತ್ನ ಚೆನ್ನಾಗಿತ್ತು" ಎಂದು ಹೇಳುತ್ತಿದ್ದರು. ಎದುರು ಟೀಮಿನವರು ನಮ್ಮನ್ನು ಆಡಿಕೊಂಡು ನಗುತ್ತಿದ್ದರು. ಪ್ರಿಸಿಲ್ಲಾ ಎದುರು ಟೀಮಿನವರ ಹೆಸರುಗಳನ್ನೂ ಮೊದಲ ಹತ್ತು ನಿಮಿಷದಲ್ಲಿ ಕಲಿತುಬಿಡುತ್ತಿದ್ದಳು. ಹಿಂದಿನಿಂದ ಅವರ ಹೆಸರನ್ನೇ ಕೂಗಿ ಚೆಂಡು ಕೇಳಿದರೆ ಒಂದಿಬ್ಬರು ಪೆದ್ದುಪೆದ್ದಾಗಿ ಅವಳಿಗೇ ಕೊಟ್ಟುಬಿಡುತ್ತಿದ್ದರು. ಚಳಿಯಲ್ಲಿ ಬೆರಳು ಮರಗಟ್ಟಿ ನಿಂತ ನಾನು ಜೋರಾಗಿ ನಗುತ್ತಿದ್ದೆ. ಈ ದೇಶಕ್ಕೆ ಬಂದ ಮೇಲೆ ಅಷ್ಟು ನಕ್ಕದ್ದು ಅದೇ ಮೊದಲು.

ಜುಲೈ ಹೊತ್ತಿಗೆ ಟೀಮು ಕರಗತೊಡಗಿತು. ಕೊನೆಯ ಪ್ಲೇಸ್‌ಮೆಂಟಿಗೆಂದು, ಅಂದರೆ ಆರು ವಾರ ಶಾಲೆಯಲ್ಲಿ ನಿಂತು ಪಾಠ ಮಾಡಿ ತೋರಿಸುವ ಪರೀಕ್ಷೆಗೆಂದು, ಹಲವರನ್ನು ದೂರದ ಊರುಗಳಿಗೆ ಹಾಕಿದ್ದರು. ನಮ್ಮ ಪ್ಲೇಸ್‌ಮೆಂಟ್ ಶುರುವಾಗುವ ಸೋಮವಾರದ ಹಿಂದಿನ ಶನಿವಾರ ಮೈದಾನಕ್ಕೆ ಬಂದವರು ಹದಿನಾಲ್ಕೇ ಜನ. ಅದಕ್ಕಿಂತ ಒಬ್ಬರು ಕಡಿಮೆಯಾದರೂ ಪಂದ್ಯ ಬಿಟ್ಟುಕೊಟ್ಟ ಹಾಗೆ ಎನ್ನುವುದು ಅಲ್ಲಿನ ನಿಯಮ. ನಾಲ್ಕು ಭಾಗದ ಆಟದ ಮೂರನೆಯ ಭಾಗದಲ್ಲಿ ಪ್ರಿಸಿಲ್ಲಾ ಚೆಂಡಿಗೆಂದು ಮೇಲೆ ಹಾರಿದಳು. ಎದುರಿನವಳ ಮೊಣಕಾಲು ಅವಳ ಕಿವಿಯ ಮೇಲ್ಭಾಗಕ್ಕೆ ತಗುಲಿದ ಸದ್ದು ನನಗೆ ಬೌಂಡರಿಯ ಹತ್ತಿರಕ್ಕೂ ಕೇಳಿಸಿತು.

ಅವಳು ತಾನೇ ಎದ್ದಳು. ನಡೆದುಕೊಂಡೇ ಹೊರಗೆ ಬಂದಳು. ಬೆಂಚಿನ ಮೇಲೆ ಕೂತವಳೇ "ಸೋಮವಾರ ಪ್ಲೇಸ್‌ಮೆಂಟ್ ಉಂಟಲ್ಲ ಅಕ್ಕ" ಎಂದಳು. ಹೂಂ ಎಂದೆ. ಒಂದು ನಿಮಿಷ ಕಳೆದು ಮತ್ತೆ ಅದನ್ನೇ, ಅದೇ ಧಾಟಿಯಲ್ಲಿ ಹೇಳಿದಳು. ಆಗಲೇ ನನಗೆ ಗೊತ್ತಾಗಬೇಕಿತ್ತು. ಗೊತ್ತಾಯಿತು ಕೂಡ.

ತಲೆಗೆ ಪೆಟ್ಟು ಬಿದ್ದವರಿಗೆ ಒಂದು ಕಾರ್ಡಿನಲ್ಲಿರುವ ಪರೀಕ್ಷೆ ಮಾಡಬೇಕಿತ್ತು. ಐದು ಪದ ಓದಿ ಹೇಳುವುದು, ಬೇರೆ ಕೆಲವು ಪ್ರಶ್ನೆ ಕೇಳುವುದು, ಆಮೇಲೆ ಆ ಐದು ಪದಗಳನ್ನು ಅವರ ಬಾಯಿಂದ ಕೇಳುವುದು. ತಪ್ಪಿದರೆ ಆಟ ಬಂದ್. ಮೂರು ವಾರ ವಿಶ್ರಾಂತಿ, ಕಾಲೇಜಿಗೆ ವರದಿ, ಡಾಕ್ಟರ ಚೀಟಿ ಇಲ್ಲದೆ ಪ್ಲೇಸ್‌ಮೆಂಟಿಗೆ ಕಾಲಿಡುವಂತಿಲ್ಲ. ಪ್ಲೇಸ್‌ಮೆಂಟ್ ತಪ್ಪಿದರೆ ಇನ್ನರ್ಧ ವರ್ಷ, ಮತ್ತೆ ವೀಸಾದ ಓಡಾಟ. ಬ್ಲಾಂಕೆಟ್, ಲೆಮನ್, ಟಿಕೆಟ್, ರಿವರ್, ಹ್ಯಾಮರ್. ನಾನು ನಿಧಾನವಾಗಿ ಓದಿದೆ. ಪೆಟ್ಟಿಗೆಂದು ಆಟ ನಿಲ್ಲಿಸಿದ್ದರು, ಮೇಗನ್ ನಮ್ಮ ಮಾತು ಕೇಳಿಸದಷ್ಟು ದೂರದಲ್ಲಿ ನಿಂತು ಗಡಿಯಾರ ನೋಡುತ್ತಿದ್ದಳು.

ತಿಪಟೂರಿನಲ್ಲಿ ಬಿಇಒ ಸಾಹೇಬರು ತಪಾಸಣೆಗೆ ಬಂದರೆ ನಾವು ಟೀಚರುಗಳೆಲ್ಲ ಮಾಡುತ್ತಿದ್ದ ಒಂದು ಉಪಾಯವಿತ್ತು. ಕರ್ನಾಟಕದ ರಾಜಧಾನಿ ಬೆಂಗ... ಎಂದು ಎಳೆದು ನಿಲ್ಲಿಸುವುದು, ...ಳೂರು ಎಂದು ಮಕ್ಕಳು ಒಕ್ಕೊರಲಿನಲ್ಲಿ ಮುಗಿಸುವುದು. ಸಾಹೇಬರು ತಲೆಯಾಡಿಸುವುದು. ಸಾಹೇಬರು ಇಲ್ಲದಾಗಲೂ ಹನ್ನೊಂದು ವರ್ಷ ದಿನಾ ಮಾಡಿದ ಕೆಲಸ. ಮಗು ತಡವರಿಸಿದ ಕೂಡಲೇ ನಾಲಿಗೆ ತಾನಾಗಿ ಮೊದಲ ಅಕ್ಷರಕ್ಕೆ ಹೊರಳುತ್ತದೆ. ಮಗುವಿಗೆ ಗೊತ್ತಿದೆಯೋ ಇಲ್ಲವೋ ಎನ್ನುವುದು ಆಮೇಲಿನ ಮಾತು, ಮೊದಲು ಸುಮ್ಮನೆ ನಿಂತ ಮಗುವಿನ ಅವಮಾನ ತಪ್ಪಿಸಬೇಕು.

ಪ್ರಿಸಿಲ್ಲಾ ಬ್ಲಾಂಕೆಟ್ ಎಂದಳು. ಅಷ್ಟಕ್ಕೇ ನಿಲ್ಲಿಸಿದಳು. ಅವಳ ಕಣ್ಣು ನನ್ನ ಮುಖದ ಮೇಲೆಯೇ ಇತ್ತು, ನೋಟ ಮಾತ್ರ ಎಲ್ಲೋ ಹಿಂದಕ್ಕೆ ಹೋಗಿತ್ತು. ನಾನು "ಲೆ..." ಎಂದೆ. ಲೆಮನ್ ಎಂದಳು. "ಟಿ..." ಎಂದೆ. ಟಿಕೆಟ್ ಎಂದಳು. ರಿವರ್, ಹ್ಯಾಮರ್ ಕೂಡ ಹೀಗೆಯೇ ಬಂದವು. ಮೊದಲನೆಯದಕ್ಕೆ ನಾಲಿಗೆ ಅಭ್ಯಾಸಬಲದಿಂದ ಹೊರಳಿತು ಎಂದು ಬೇಕಾದರೆ ಪ್ರಮಾಣ ಮಾಡುತ್ತೇನೆ. ಉಳಿದ ಮೂರಕ್ಕೆ ಹಾಗೆ ಹೇಳಲಾರೆ. ಅವು ನಾನು ಯೋಚಿಸಿಯೇ ಹೇಳಿಕೊಟ್ಟವು. ಕಾರ್ಡಿನಲ್ಲಿ ಐದಕ್ಕೆ ಐದು ಎಂದು ಬರೆದು ಸಹಿ ಹಾಕಿದೆ. ಅವಳು ಮತ್ತೆ ಮೈದಾನಕ್ಕೆ ಓಡಿದಳು. ಒಂದು ಪಾಯಿಂಟ್‌ನಿಂದ ಗೆದ್ದೆವು. ಎಲ್ಲರೂ ಕೆಸರಿನಲ್ಲೇ ಕುಣಿದರು, ನನ್ನನ್ನೂ ಎಳೆದುಕೊಂಡರು, ನಾನೂ ಕುಣಿದೆ.

ಸೋಮವಾರ ಬೆಳಿಗ್ಗೆ ನನ್ನ ಕಾರಿನಲ್ಲೇ, ಮಾರ್ಚಿನಲ್ಲಿ ನೋಡಿಬಂದಿದ್ದ ಅದೇ ಶಾಲೆಗೆ ಹೋದೆವು. ನನ್ನ ಕ್ಲಾಸ್‌ರೂಮಿಗೂ ಅವಳದಕ್ಕೂ ನಡುವೆ ಮಡಚುವ ಗೋಡೆಯೊಂದಿತ್ತು, ಅರ್ಧ ಯಾವಾಗಲೂ ತೆರೆದಿರುತ್ತಿತ್ತು. ಅವಳು ಹಾಜರಿ ಕರೆಯುವುದು ನನಗೆ ಕೇಳಿಸುತ್ತಿತ್ತು. ಪಟ್ಟಿ ನೋಡಿ ಹೆಸರು ಓದುತ್ತಿದ್ದಳು, ಮಕ್ಕಳು ಹೂಂಗುಡುತ್ತಿದ್ದರು. ಆಮೇಲೆ ಪಾಠ ಶುರುವಾದ ಕೂಡಲೇ "ಯೂ, ಡಾರ್ಲಿಂಗ್" ಎಂದು ಶುರುವಾಗುತ್ತಿತ್ತು. "ಯೂ ಇನ್ ದಿ ಬ್ಲೂ." ಮೂರನೆಯ ದಿನ ಒಬ್ಬಳು ಹುಡುಗಿ, ನಿಮಗೆ ನನ್ನ ಹೆಸರು ಮರೆತುಹೋಯಿತಾ, ಹೋದಸಲ ಗೊತ್ತಿತ್ತಲ್ಲ ಎಂದು ಕೇಳಿದಳು. ಗೋಡೆಯಾಚೆ ಪಟ್ಟಿಯ ಹಾಳೆ ತಿರುವುವ ಸದ್ದು ಕೇಳಿಸಿತು. ನನ್ನ ಕೈಯಲ್ಲಿದ್ದ ಮಾರ್ಕರ್ ಬೋರ್ಡಿನ ಮೇಲೆ ಹಾಗೇ ನಿಂತಿತು.

ಎರಡನೆಯ ವಾರ ಅವಳ ಅಂಗೈ ತುಂಬ ಪೆನ್ನಿನಲ್ಲಿ ಬರೆದ ಹೆಸರುಗಳಿದ್ದವು. ಬೆವರಿಗೆ ಶಾಯಿ ಹರಡಿ ಯಾವ ಹೆಸರೂ ಓದಲು ಬರುವಂತಿರಲಿಲ್ಲ. ಟ್ಯೂಬ್‌ಲೈಟಿನಿಂದ ತಲೆ ಸಿಡಿಯುತ್ತದೆ ಎಂದು ಊಟದ ಹೊತ್ತು ನನ್ನ ಕಾರಿನಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದಳು. ಫುಟ್‌ಬಾಲ್ ಆಡಲು ಆಮೇಲೆ ಹೋಗಲೇ ಇಲ್ಲ. ನಮ್ಮಿಬ್ಬರ ಪಾಠವನ್ನೂ ನೋಡಿ ವರದಿ ಬರೆಯುವ ಮೆಂಟರ್ ಟೀಚರ್ ಹೆಲೆನ್ ಕೆಟ್ಟವರಲ್ಲ. ಒಂದು ದಿನ ಟೀ ಮಾಡಿಕೊಳ್ಳುತ್ತ ನನ್ನ ಹತ್ತಿರವೇ ಕೇಳಿದರು, ನಿನ್ನ ಸ್ನೇಹಿತೆಗೆ ಮನೆಯಲ್ಲಿ ಏನಾದರೂ ತೊಂದರೆಯೇ, ಮಕ್ಕಳ ಬಗ್ಗೆ ಅವಳಿಗೆ ಆಸಕ್ತಿಯೇ ಇಲ್ಲವಲ್ಲ ಎಂದು. ಆಸಕ್ತಿ ಇಲ್ಲ ಎನ್ನುವ ಮಾತನ್ನು ಪ್ರಿಸಿಲ್ಲಾಳ ಬಗ್ಗೆ ಕೇಳಿಯೂ ನಾನು ಟೀಬ್ಯಾಗು ಹಿಂಡುತ್ತ ನಿಂತೆ. ಹೇಳಿದರೆ ಕಾರ್ಡಿನ ಸಹಿ ಹೊರಗೆ ಬರುತ್ತದೆ. ಸುಳ್ಳು ಸಹಿ ಹಾಕಿದವಳನ್ನು ಈ ದೇಶದಲ್ಲಿ ಟೀಚರಾಗಿ ನೋಂದಾಯಿಸಿಕೊಳ್ಳುವುದಿಲ್ಲ ಎನ್ನುವುದನ್ನು ನಮಗೆ ಮೊದಲ ವಾರವೇ ಕಲಿಸಿದ್ದರು. ನನಗೆ ಹೆದರಿಕೆಯಾಯಿತು. ಇದಕ್ಕೆ ಬೇರೆ ಒಳ್ಳೆಯ ಹೆಸರು ಕೊಡಲು ಏಳು ವರ್ಷ ಪ್ರಯತ್ನಿಸಿದ್ದೇನೆ, ಸಿಕ್ಕಿಲ್ಲ.

ಮೂರನೆಯ ವಾರದ ಶುಕ್ರವಾರ ಹೆಲೆನ್ ಅವಳ ಕೈಗೆ ಮಧ್ಯಂತರ ವರದಿ ಕೊಟ್ಟರು. ಹೀಗೇ ಆದರೆ ಪಾಸಾಗುವುದಿಲ್ಲ ಎಂದು ಅದರಲ್ಲಿತ್ತು. ಸಂಜೆ ಶಾಲೆ ಬಿಟ್ಟ ಮೇಲೆ ಕಾರಿನಲ್ಲಿ ಅವಳು ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನಾನು ಕಾರು ಶುರು ಮಾಡಲಿಲ್ಲ.

"ಅಕ್ಕ, ಒಂದು ಕೇಳ್ತೇನೆ. ಆ ದಿನ ತಲೆಗೆ ಬಿತ್ತಲ್ಲ, ಅದರಿಂದ ಹೀಗೆ ಆಗ್ತಿರುವುದಾ?" ಎಂದಳು. "ನನಗೆ ಆ ದಿನದ್ದು ಎಂತದೂ ನೆನಪಿಲ್ಲ. ಮೇಲೆ ಹಾರಿದ್ದು ನೆನಪುಂಟು, ಮತ್ತೆ ಎಲ್ಲರೂ ಕುಣಿಯುವುದು ನೆನಪುಂಟು. ಡಾಕ್ಟರಿಗೆ ತೋರಿಸುವಾ ಅಂತ ಇದ್ದೆ. ಆದರೆ ನೀವು ಟೆಸ್ಟ್ ಮಾಡಿದ್ದೀರಿ ಅಂತ ಮೇಗನ್ ಹೇಳಿದಳು. ಐದಕ್ಕೆ ಐದಂತೆ. ನಾನು ಪಾಸಾಗಿದ್ದೆನಲ್ಲ?"

ನಾನು ಮಾಡಿದ್ದಕ್ಕೆ ಸಾಕ್ಷಿಯಾಗಿದ್ದವಳು ಅವಳೊಬ್ಬಳೇ. ಅವಳಿಗೇ ಅದು ನೆನಪಿರಲಿಲ್ಲ. ಎದುರಿನ ಮೈದಾನದಲ್ಲಿ ಮಕ್ಕಳು ಆಡುತ್ತಿದ್ದರು, ಅವರಮ್ಮಂದಿರು ಬ್ಯಾಗು ಹಿಡಿದು ಕಾಯುತ್ತಿದ್ದರು. ಮೂರು ವಾರದಿಂದ ಬಾಯಿಗೆ ಬಂದು ಬಂದು ನುಂಗಿದ್ದ ಮಾತು ಅದು. ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುವಂತಿರಲಿಲ್ಲ.

"ಹೂಂ ಕಣೇ, ಪಾಸಾಗಿದ್ದೆ" ಎಂದೆ.

ಅವಳು ತಲೆಯಾಡಿಸಿದಳು. "ಹಾಗಾದರೆ ತಲೆಯದ್ದಲ್ಲ. ನನಗೆ ಬರುವುದಿಲ್ಲ ಅಷ್ಟೇ," ಎಂದಳು. ಅಳಲಿಲ್ಲ. ವರದಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡಳು.

ಅವಳು ಆರು ವಾರವನ್ನು ಪೂರೈಸಿದಳು, ಫೇಲಾದಳು. ಇನ್ನೊಂದು ಅವಕಾಶ ಕೊಡುತ್ತೇವೆಂದರೂ ಬೇಡವೆಂದು ಕೋರ್ಸ್ ಬಿಟ್ಟಳು. ಆಗಸ್ಟ್‌ನ ಕೊನೆಯ ಪಂದ್ಯಕ್ಕೆ ನಮ್ಮಲ್ಲಿ ಸೇರಿದ್ದು ಹನ್ನೊಂದೇ ಜನ. ಎದುರಿನವರಿಗೆ ಕೈಕುಲುಕಿ, ಆಡದೆ, ಮಳೆಯಲ್ಲಿ ಸಾಸೇಜು ಸುಟ್ಟು ತಿಂದು ಮನೆಗೆ ಹೋದೆವು. ನನ್ನ ವರದಿಯಲ್ಲಿ ಹೆಲೆನ್, ಮಕ್ಕಳಿಂದ ಉತ್ತರ ಹೊರಡಿಸುವುದರಲ್ಲಿ ಈಕೆಗೆ ವಿಶೇಷ ಕೌಶಲವಿದೆ ಎಂದು ಬರೆದಿದ್ದರು. ಅದನ್ನು ಓದಿದ ಮೇಲೆ ಶೌಚಾಲಯಕ್ಕೆ ಹೋಗಿ ಬಹಳ ಹೊತ್ತು ನೀರು ಬಿಟ್ಟುಕೊಂಡು ನಿಂತೆ. ಮುಂದಿನ ವರ್ಷ ಗಂಡನಿಗೆ ಸಿಡ್ನಿಯಲ್ಲಿ ಕೆಲಸವಾಯಿತು. ಊರು ಬಿಡಲು ನನಗೆ ಅಷ್ಟು ಅವಸರ ಯಾಕೆ ಎಂದು ಅವನಿಗೆ ಆಶ್ಚರ್ಯ.

ಪ್ರಿಸಿಲ್ಲಾ ಮದುವೆಯಾಗಿ ಸಿಡ್ನಿಗೇ ಬಂದಿದ್ದಾಳೆ, ಇಲ್ಲಿನ ಲಿವರ್‌ಪೂಲ್ ಎಂಬ ಬಡಾವಣೆಯಲ್ಲಿ ಆಸ್ಪತ್ರೆಯೊಂದರ ವಾರ್ಡಿನಲ್ಲಿ ಕ್ಲರ್ಕ್ ಆಗಿದ್ದಾಳೆ ಎನ್ನುವುದು ನನಗೆ ಮೂರು ವರ್ಷದಿಂದ ಗೊತ್ತಿತ್ತು. ಎಪ್ಪಿಂಗಿನಿಂದ ಟ್ರೇನಿನಲ್ಲಿ ಒಂದು ಗಂಟೆ ಚಿಲ್ಲರೆ ದಾರಿ. ಕ್ರಿಸ್ಮಸ್‌ಗೆ ಮೆಸೇಜು, ಹಬ್ಬಕ್ಕೆ ಮೆಸೇಜು, ಅಷ್ಟೇ. ಮೈದಾನದಲ್ಲಿ ಆ ವಾಸನೆ ಬಂದ ಶುಕ್ರವಾರದ ಮಾರನೆಯ ದಿನ ಅವಳನ್ನು ನೋಡಲು ಹೊರಟೆ.

ಆಸ್ಪತ್ರೆಯ ಪಕ್ಕದ ಕೆಫೆಗೆ ಅವಳು ಊಟದ ಬಿಡುವಿನಲ್ಲಿ ಬಂದಳು. ಸ್ವಲ್ಪ ದಪ್ಪಗಾಗಿದ್ದಾಳೆ, ಕೂದಲು ಕತ್ತರಿಸಿಕೊಂಡಿದ್ದಾಳೆ. ತಲೆನೋವು ಒಂದು ವರ್ಷವಿದ್ದು ತಾನೇ ಹೋಯಿತಂತೆ. ಕೆಲಸ ಹೇಗಿದೆ ಎಂದು ಕೇಳಿದೆ. ಇಲ್ಲಿ ಯಾರ ಹೆಸರೂ ನೆನಪಿಡುವುದು ಬೇಡ, ಪೇಶಂಟಿನ ಕೈಗೇ ಕಟ್ಟಿರುತ್ತಾರೆ ಎಂದು ನಕ್ಕಳು. ಎರಡು ಸಲ ಬೇರೆ ಕಾಲೇಜುಗಳಿಗೆ ಟೀಚಿಂಗ್ ಕೋರ್ಸಿಗೆ ಅರ್ಜಿ ಹಾಕಿದ್ದಳಂತೆ, ಎರಡು ಸಲವೂ ಆ ಹಳೆಯ ಫೇಲ್ ಅಡ್ಡ ಬಂದಿತ್ತು. ಆ ಮಾತು ಮುಗಿಯುವುದರೊಳಗೆ ನಾನು ಹೇಳಿಬಿಟ್ಟೆ. ಬೆಂಚು, ಕಾರ್ಡು, ಪದಗಳು, ಸಹಿ, ಕಾರಿನಲ್ಲಿ ಹೇಳಿದ ಸುಳ್ಳು, ಎಲ್ಲವನ್ನೂ.

ಅವಳು ಕೊನೆಯವರೆಗೂ ಕೇಳಿದಳು. ಮುಗಿದ ಮೇಲೆ ಮುಂದಿದ್ದ ಕಪ್ಪನ್ನು ಪಕ್ಕಕ್ಕೆ ಸರಿಸಿದಳು. ಬೈದರೆ ಸಾಕು ಎನ್ನಿಸಿತು ನನಗೆ.

"ಏಳು ವರ್ಷ ನಾನು ದಡ್ಡಿ ಅಂತ ತಿಳಿದುಕೊಂಡಿದ್ದೆ ಅಕ್ಕ. ಮಮ್ಮಿಯ ಹತ್ತಿರವೂ ಹಾಗೆಯೇ ಹೇಳಿದ್ದು," ಎಂದಳು.

ಕ್ಷಮಿಸು ಎಂದೆ. ಅವಳು ಎದ್ದು ಕೌಂಟರಿಗೆ ಹೋಗಿ ಬಿಳೀ ಹಾಳೆಯೊಂದನ್ನು ಕೇಳಿ ತಂದು ನನ್ನ ಮುಂದಿಟ್ಟಳು, ತನ್ನ ಕೊರಳಿನ ಐಡಿ ಕಾರ್ಡಿನ ಹಗ್ಗಕ್ಕೆ ಸಿಕ್ಕಿಸಿದ್ದ ಪೆನ್ನನ್ನೂ ಇಟ್ಟಳು. "ಬರೆದುಕೊಡಿ. ಕಾಲೇಜಿಗೆ ಕಳಿಸ್ತೇನೆ. ಆ ಫೇಲ್ ತೆಗೆಯುತ್ತಾರಾ ಇಲ್ಲವಾ ಗೊತ್ತಿಲ್ಲ. ನಿಮ್ಮ ಕೆಲಸಕ್ಕೆ ಎಂತ ಆಗ್ತದೆ ಅದೂ ಗೊತ್ತಿಲ್ಲ."

ವರ್ಷಕ್ಕೆರಡು ಸಲ ಮೂವತ್ತು ಮಕ್ಕಳ ವರದಿ ಬರೆಯುವ ನನ್ನ ಕೈ, ಒಂದು ಪುಟ ತುಂಬಿಸಲು ಅವಳ ಅರ್ಧ ಬಿಡುವು ತೆಗೆದುಕೊಂಡಿತು. ಮುಗಿಸಿ ಅವಳ ಕಡೆ ತಿರುಗಿಸಿದೆ. ಅವಳು ಹಾಳೆಯ ಮೇಲೆ ಬೆರಳಿಟ್ಟು, ಸಾಲು ಸಾಲಾಗಿ, ಮಕ್ಕಳ ನೋಟ್‌ಬುಕ್ ನೋಡುವಂತೆ ಓದಿದಳು. ನಡುವಿನ ಒಂದು ಸಾಲಿನಲ್ಲಿ ಬೆರಳು ನಿಂತಿತು.

"ಇಲ್ಲಿ ಟೆಸ್ಟ್‌ನಲ್ಲಿ ನನಗೆ ಹೆಲ್ಪ್ ಮಾಡಿದೆ ಅಂತ ಬರೆದಿದ್ದೀರಿ. ಅದು ಹೆಲ್ಪ್ ಅಲ್ಲ ಅಕ್ಕ," ಎಂದಳು.

ಆ ಪದವನ್ನು ಹೊಡೆದುಹಾಕಿದೆ. ಅದರ ಮೇಲೆ, ಉತ್ತರಗಳನ್ನು ನಾನೇ ಹೇಳಿಕೊಟ್ಟೆ, ಅವು ಅವಳಿಗೆ ಗೊತ್ತಿರಲಿಲ್ಲ ಎಂದು ಬರೆದೆ. ಅವಳು ಮತ್ತೊಮ್ಮೆ ಓದಿ ಸರಿ ಎಂದು ತಲೆಯಾಡಿಸಿದಳು. ಆಮೇಲೆ ನನ್ನ ಪೂರ್ತಿ ಹೆಸರು, ಶಾಲೆಯ ವಿಳಾಸ, ಟೀಚರ್ ನೋಂದಣಿಯ ನಂಬರು, ಅವಳು ಹೇಳುತ್ತ ಹೋದ ಹಾಗೆ ಒಂದೊಂದಾಗಿ ಬರೆದು ಸಹಿ ಹಾಕಿದೆ.